ಚಾಮುಂಡಿ ಮೆಟ್ಟಿಲು, ನಾಲ್ಕನೇ ವಾರ: ವಾಚಿನ ಅತಿಬುದ್ಧಿ ಆಫ್

ಬುಡದಿಂದ ನಂದಿವರೆಗೆ 19 ನಿಮಿಷ 40 ಸೆಕೆಂಡು, ಅಲ್ಲಿಂದ ಮೇಲಕ್ಕೆ 8 ನಿಮಿಷ. ಈ ಲೆಕ್ಕವನ್ನ ನಂಬಬಹುದು. ಹಿಂದಿನ ಮೂರು ವಾರದ್ದನ್ನೆಲ್ಲ ಅಳಿಸಿದ್ದೀನಿ.

ಮೊದಲ ವಾರ ವಾಚು ತೋರಿಸಿದ್ದು ಬರೀ 14 ನಿಮಿಷ. ಖುಷಿಯಾಗಿ ಮೊಬೈಲ್ ನೋಡಿದ್ರೆ ಅರ್ಧ ಗಂಟೆ ಕಳೆದಿದೆ! ಇದನ್ನ ಮಾಡಿದ್ದು ಆಟೋ ಪಾಸ್ (auto pause), ಅಂದ್ರೆ ನಾವು ನಿಂತ್ರೆ ವಾಚೂ ತಾನಾಗೇ ಲೆಕ್ಕ ನಿಲ್ಲಿಸೋ ಸೌಲಭ್ಯ. ಅದು ನೋಡೋದು ನಾವು ನೆಲದ ಮೇಲೆ ಎಷ್ಟು ಮುಂದಕ್ಕೆ ಹೋದ್ವಿ ಅನ್ನೋದನ್ನ. ಕಡಿದಾದ ಮೆಟ್ಟಿಲಲ್ಲಿ ಮುಂದಕ್ಕೆ ಹೋಗೋದು ಕಮ್ಮಿ, ಮೇಲಕ್ಕೆ ಹೋಗೋದೇ ಜಾಸ್ತಿ. ಜೊತೆಗೆ ಮರದ ನೆರಳಲ್ಲಿ ಜಿಪಿಎಸ್ ಬೇರೆ ತಡವರಿಸುತ್ತೆ. ನಾನು ಏದುಸಿರು ಬಿಡ್ತಾ ಹತ್ತುತ್ತಿದ್ರೆ ವಾಚಿನ ಪ್ರಕಾರ ನಾನು ನಿಂತಿದ್ದೀನಿ.

ಆಫ್ ಮಾಡಿದೆ. ಎರಡನೇ ವಾರವೂ ಅದೇ ಕಥೆ. ಆಮೇಲೆ ಗೊತ್ತಾಯ್ತು: ನಾನು ಆಫ್ ಮಾಡಿದ್ದು ವಾಚಿನ ರನ್ನಿಂಗ್ ಮೋಡ್‌ನಲ್ಲಿ, ಬೆಟ್ಟಕ್ಕೆ ಒತ್ತೋದು ಹೈಕಿಂಗ್ ಮೋಡ್. ಒಂದೊಂದಕ್ಕೂ ಸೆಟ್ಟಿಂಗ್ ಬೇರೆ ಬೇರೆ. ದೂರ ನೋಡಿ ತಾನಾಗೇ ಸಮಯವನ್ನ ತುಂಡು ತುಂಡಾಗಿ (ಲ್ಯಾಪ್) ಬರೆದಿಡೋ ಆಟೋ ಲ್ಯಾಪ್ ಕೂಡ ತೆಗೆದೆ. ಮೆಟ್ಟಿಲಲ್ಲಿ ಕಿಲೋಮೀಟರಿಗೊಂದು ಲ್ಯಾಪ್ ಯಾತಕ್ಕೆ? ನಂದಿ ಹತ್ರ ನಾನೇ ಲ್ಯಾಪ್ ಒತ್ತುತ್ತೀನಿ. ಅಲ್ಲಿ ಕೈ ಮುಗಿಯೋಕೆ ನಿಂತ್ರೆ ‘ವ್ಯಾಯಾಮ ಮುಗೀತಾ?’ ಅಂತ ಗುರ್‌ಗುಟ್ಟೋ ಸೂಚನೆಯನ್ನೂ ಮುಚ್ಚಿಸಿದೆ.

ಮೂರನೇ ವಾರದ ತಪ್ಪು ನನ್ನ ಮಣಿಕಟ್ಟಿನದು. ಸುಸ್ತಾಗಿ ಮಂಡಿ ಮೇಲೆ ಕೈ ಊರಿದಾಗೆಲ್ಲ ಪಕ್ಕದ ಬಟನ್ ಒತ್ತಿಕೊಂಡು ರೆಕಾರ್ಡಿಂಗ್ ನಿಲ್ತಿತ್ತು. ಈಗ ಬಟನ್ ಮೊಣಕೈ ಕಡೆಗೆ ಬರೋ ಹಾಗೆ ವಾಚನ್ನ ತಿರುಗಿಸಿ ಕಟ್ಟಿ, ಸ್ಕ್ರೀನನ್ನೂ ತಲೆಕೆಳಗು ಮಾಡಿಕೊಂಡಿದ್ದೀನಿ. ಬೆವರಿನ ಹನಿಗೆ ಸ್ಕ್ರೀನ್ ತಾನಾಗೇ ಬದಲಾಗದ ಹಾಗೆ ಟಚ್ ಲಾಕ್.

ಬಿದ್ದರೆ ಪತ್ತೆ ಹಚ್ಚೋ ಸೌಲಭ್ಯವನ್ನ ಮಾತ್ರ ಮುಟ್ಟಿಲ್ಲ. ಹರಕೆ ಹೊತ್ತವರು ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿರ್ತಾರೆ, ಬೆಳಗಿನ ಇಬ್ಬನಿ ಸೇರಿದ್ರೆ ಇಳಿಯುವಾಗ ಜಾರುತ್ತೆ.

ಇಷ್ಟೆಲ್ಲ ಮಾಡಿದ ಮೇಲೂ ಇವತ್ತು ಒಂದು ಎಡವಟ್ಟು. ನೆನಪಿಸೋ ಸೂಚನೆ ಇಲ್ವಲ್ಲ, ಕೆಳಗಿಳಿದು ಸ್ಟಾಪ್ ಒತ್ತೋದನ್ನೇ ಮರೆತೆ. ಮನೆವರೆಗಿನ ಸ್ಕೂಟರ್ ಸವಾರಿಯೂ ಹೈಕಿಂಗ್ ಆಗಿ ದಾಖಲಾಗಿದೆ. ತುದಿಯಲ್ಲಿ ಲ್ಯಾಪ್ ಒತ್ತಿದ್ದಕ್ಕೆ ಹತ್ತಿದ ಲೆಕ್ಕ ಉಳೀತು.