ಅಜ್ಜನ ಚೂರಿ ನಾಲ್ಕೇ ಅಂಗುಲ

ಕಳೆದ ಮಳೆಗಾಲ ಮುಗಿಯುವ ಹೊತ್ತು. ಕಾರವಾರದ ಕೋಡಿಬಾಗದ ಬಂಡೆಯ ಮೇಲೆ ಕೂತು, ಗಾಳಕ್ಕೆ ಬಿದ್ದ ದೊಡ್ಡ ಕುರುಡೆಯ ಹೊಟ್ಟೆ ಸೀಳುತ್ತಿದ್ದೆ. ಚೂರಿ ಮೀನಿನೊಳಗೆ ಇಳಿಯಲಿಲ್ಲ, ಜಾರಿ ನನ್ನ ಎಡಗೈ ಹೆಬ್ಬೆರಳಿಗೆ ಇಳಿಯಿತು. ಮೂರು ಹೊಲಿಗೆ ಬಿತ್ತು. ಜಾತ್ರೆಯೊಂದರಲ್ಲಿ ಕೊಂಡ, ಕನ್ನಡಿಯ ಹಾಗೆ ಹೊಳೆಯುವ ಸ್ಟೀಲ್ ಚೂರಿ ಅದು. ಮಸೆದ ದಿನ ಚೆನ್ನಾಗಿ ಕೊಯ್ಯುತ್ತಿತ್ತು, ಮಾರನೆಯ ದಿನ ಮೊಂಡು. ಮೊಂಡಾದದ್ದಕ್ಕೆ ಬಲ ಹಾಕಿ ಒತ್ತಿದ್ದೇ ತಪ್ಪಾಯಿತು.

ಹಡಗಿನಲ್ಲಿ ಕೆಲಸ ಮಾಡುವ ನನ್ನ ಭಾವನಿಗೆ ಬೆರಳಿನ ಫೋಟೋ ಕಳಿಸಿದ್ದೆ. ಅವನ ಹಡಗು ಆಗ ಸ್ವೀಡನ್ನಿನ ಬಂದರಿನಲ್ಲಿತ್ತು. ಅಲ್ಲಿ ಮೋರಾ ಎಂಬ ಊರಿನ ಚೂರಿಗಳು ಪ್ರಸಿದ್ಧ. ಬೇಟೆಗೆ ಹೋಗುವವರು, ಬಡಗಿಗಳು, ಮೀನು ಹಿಡಿಯುವವರು ಎಲ್ಲರೂ ಕೊಳ್ಳುವಂಥವು, ದುಬಾರಿಯೂ ಅಲ್ಲ. "ಒಂದೇ ಮಾದರಿ ಕಾರ್ಬನ್ನಿನಲ್ಲೂ ಉಂಟು, ಸ್ಟೇನ್‌ಲೆಸ್ಸಿನಲ್ಲೂ ಉಂಟು, ರೇಟು ಹೆಚ್ಚುಕಮ್ಮಿ ಒಂದೇ. ಯಾವುದು ತರ್ಲಿ? ನಾಳೆ ಒಳಗೆ ಹೇಳು" ಎಂದ. ಕಾರ್ಬನ್ ಎಂದರೆ ತುಕ್ಕು ಹಿಡಿಯುವ ಮಾಮೂಲಿ ಉಕ್ಕು, ಸ್ಟೇನ್‌ಲೆಸ್ ಎಂದರೆ ಸುಲಭಕ್ಕೆ ತುಕ್ಕು ಹಿಡಿಯದ್ದು. ತಕ್ಷಣ ಹೇಳಲು ಆಗಲಿಲ್ಲ. ಹೇಗೂ ಮರುದಿನ ಸಿರ್ಸಿ ಹತ್ತಿರದ ಮಾವನ ಮನೆಗೆ ಹೋಗುವುದಿತ್ತು.

ಕಟ್ಟು ಹಾಕಿದ ಬೆರಳನ್ನು ನೋಡಿದ ಅಜ್ಜಿ ಎದ್ದು ಹೋಗಿ ಅಟ್ಟದ ಮೇಲಿಂದ ಎಣ್ಣೆಬಟ್ಟೆಯ ಗಂಟೊಂದನ್ನು ತಂದಳು. ಒಳಗೆ ಅಜ್ಜನ ಬೇಟೆ ಚೂರಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಆಮೇಲೆ ಅಜ್ಜ ಅದನ್ನು ಸೊಂಟಕ್ಕೆ ಸಿಕ್ಕಿಸಲಿಲ್ಲವಂತೆ. ಬೇಟೆ ಚೂರಿ ಎಂದರೆ ಮೊಳದುದ್ದ ಇರುತ್ತದೆ ಎಂದುಕೊಂಡಿದ್ದೆ. ಅಳೆದರೆ ಅಲಗು ನಾಲ್ಕೇ ಅಂಗುಲ. ಭಾವ ಹೇಳಿದ ಚೂರಿಯದ್ದೂ ಹತ್ತಿರಹತ್ತಿರ ಅಷ್ಟೇ ಉದ್ದ. ಪ್ರಾಣಿಯನ್ನು ಕೊಲ್ಲುವುದಕ್ಕೆ ಇರುವುದಲ್ಲ ಈ ಚೂರಿ. ಚೂರಿಗೆ ಕೆಲಸ ಆಮೇಲೆ. ಕರುಳಿಗೆ ತಾಗದಂತೆ ಹೊಟ್ಟೆ ಬಿಡಿಸಬೇಕು, ಚರ್ಮ ಸುಲಿಯಬೇಕು, ಕೀಲು ಕಳಚಬೇಕು. ಅಲಗು ಉದ್ದವಾದಷ್ಟು ತುದಿ ಎಲ್ಲಿದೆ ಎಂದು ಬೆರಳಿಗೆ ತಿಳಿಯುವುದಿಲ್ಲ. ಐವತ್ತು ವರ್ಷ ದಾಟಿದ ಆ ಕಬ್ಬಿಣ ಪೂರ್ತಿ ಕಪ್ಪಾಗಿತ್ತು, ತುಕ್ಕು ಮಾತ್ರ ಒಂದು ಚುಕ್ಕೆಯೂ ಇರಲಿಲ್ಲ.

"ಎಂತ ಹಚ್ತೆ ಇದ್ಕೆ?" ಕೇಳಿದೆ.

"ತೆಂಗಿನೆಣ್ಣೆ. ಮಳೆಗಾಲದಲ್ಲಿ ತಿಂಗಳಿಗೆ ಎರಡು ಸಲ" ಅಂದಳು ಅಜ್ಜಿ.

ಮಾವ ತನ್ನ ಕತ್ತಿಯನ್ನು ತಟ್ಟಿಸಲು ಆಚಾರಿಯ ಕುಲುಮೆಗೆ ಹೊರಟಿದ್ದ, ನಾನೂ ಹೋದೆ. ಆಚಾರಿ ಹಳೇ ಲಾರಿಯ ಕಮಾನು ಪಟ್ಟಿಯಿಂದ ಚೂರಿ ಮಾಡುತ್ತಾನೆ. ಅದು ಒಳ್ಳೆಯ ಕಾರ್ಬನ್ ಉಕ್ಕು. ತಟ್ಟುವುದು ಹೇಗೋ ಮುಗಿಯಿತು, ನಾನು ಕಣ್ಣಿಟ್ಟು ನೋಡಿದ್ದು ಹದ ಹಾಕುವುದನ್ನು. ಕೆಂಪಗೆ ಕಾದ ಅಲಗನ್ನು ಎಣ್ಣೆಯಲ್ಲಿ ಅದ್ದಿ ತೆಗೆದು ಅರ ಉಜ್ಜಿದ. ಅರ ಕಚ್ಚದೆ ಜಾರಿತು. "ಈಗ ಇದು ಗಾಜು. ಬಿದ್ರೆ ಒಡೀತದೆ" ಎಂದವನೇ ಮತ್ತೆ ಸಣ್ಣ ಕಾವಿಗೆ ಹಿಡಿದ. ಅಲಗಿನ ಮೇಲೆ ಒಣಹುಲ್ಲಿನ ಬಣ್ಣ ಹರಡಿತು, ಅಲ್ಲಿಗೆ ನಿಲ್ಲಿಸಿದ. ನನ್ನ ಹೊಳೆಯುವ ಚೂರಿಯ ಬಾಯಿಗೆ ಅದೇ ಅರ ಉಜ್ಜಿದಾಗ ಲೋಹ ಪುಡಿಪುಡಿಯಾಗಿ ಉದುರಿತು. "ತಮಾ, ಸ್ಟೀಲು ಅಂತ ಬೈಬೇಡ. ಇದ್ಕೆ ಹದ ಇಲ್ಲ, ಅಷ್ಟೆ" ಅಂದ ಆಚಾರಿ.

ಅಲ್ಲಿವರೆಗೆ ಸ್ಟೇನ್‌ಲೆಸ್ ಎಂದರೇ ಮೊಂಡು ಎಂದು ನಂಬಿದ್ದೆ. ಉಕ್ಕಿನಲ್ಲಿ ಶೇಕಡಾ 10.5ಕ್ಕಿಂತ ಕಡಿಮೆಯಿಲ್ಲದಂತೆ ಕ್ರೋಮಿಯಂ ಸೇರಿದರೆ ಮೇಲೊಂದು ತೆಳು ಪದರ ಕಟ್ಟಿ ತುಕ್ಕನ್ನು ತಡೆಯುತ್ತದೆ. ಗಡಸುತನಕ್ಕೆ ಕಾರ್ಬನ್ ಬೇರೆಯೇ ಬೇಕು, ಹದವೂ ಬೇಕು. ಅಗ್ಗದ ಎಷ್ಟೋ ಚೂರಿಗಳಲ್ಲಿ ಈ ಎರಡರಲ್ಲೂ ಜಿಪುಣತನ. ಮೋರಾದವರು ಬಳಸುವ 12ಸಿ27 ಎಂಬ ಸ್ಟೇನ್‌ಲೆಸ್ಸಿನಲ್ಲಿ ಕಾರ್ಬನ್ ಸುಮಾರು 0.6, ಕ್ರೋಮಿಯಂ 13.5 ಶೇಕಡಾ. ಹರಿತ ನಿಲ್ಲುವಷ್ಟು ಗಡಸು, ಮಸೆಗಲ್ಲಿಗೆ ಮಣಿಯುವಷ್ಟು ಮೃದು.

ಆಚಾರಿಯ ಹೊಸ ಚೂರಿಯೊಂದನ್ನು ಕೊಂಡು, ಸಂಜೆ ಮಾವನ ತೋಟದಲ್ಲಿ ಹಸಿ ಅಡಿಕೆ ಕೊಯ್ದು ನೋಡಿದೆ. ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಆದರೆ ಚೊಗರು ತಾಗಿದ ಕಡೆಯೆಲ್ಲ ಗಳಿಗೆಯಲ್ಲಿ ನೀಲಿಗಪ್ಪು. "ಅದು ತುಕ್ಕಲ್ಲ, ಇರ್ಲಿ. ಕೆಂಪಾದ್ರೆ ಮಾತ್ರ ಹೆದರು" ಎಂದ ಮಾವ. ಘಟ್ಟದ ಮೇಲೆ ಈ ಚೂರಿಗೆ ಸಮನಾದದ್ದು ಬೇರೆ ಇಲ್ಲ ಅನ್ನಿಸಿತು. ಮೊಂಡಾದರೆ ಮಸೆಗಲ್ಲಿನ ಮೇಲೆ ನಾಲ್ಕು ಸಲ ಎಳೆದರಾಯಿತು.

ಕಾರವಾರದಲ್ಲಿ ಆಗುವುದೇ ಬೇರೆ. ಅಲ್ಲಿ ಉಪ್ಪುಗಾಳಿಗೆ ಕಿಟಕಿಯ ಸರಳು ಉಳಿಯುವುದಿಲ್ಲ. ಬಂಡೆಯ ಮೇಲೆ ಮೀನು ಸೀಳಿ, ಕತ್ತಲಾಯಿತೆಂದು ಚೂರಿಯನ್ನು ಹಾಗೇ ಚೀಲಕ್ಕೆ ತುರುಕಿ ಬರುವವನು ನಾನು. ಒರೆಸುವುದು ಮಾರನೆಯ ಬೆಳಿಗ್ಗೆ. ಅಷ್ಟರಲ್ಲಿ ಕಾರ್ಬನ್ ಅಲಗು ಕೆಂಪಾಗಿರುತ್ತದೆ. ಉಪ್ಪುನೀರಿನಲ್ಲೇ ಬಿಟ್ಟರೆ ಸ್ಟೇನ್‌ಲೆಸ್ಸಿಗೂ ಚುಕ್ಕೆ ಹಿಡಿಯುತ್ತದೆ, ಆದರೆ ಒಂದು ರಾತ್ರಿಯನ್ನು ಅದು ತಾಳಿಕೊಳ್ಳುತ್ತದೆ. ಅಜ್ಜಿಯ ಕೈ ನನಗಿದ್ದಿದ್ದರೆ ಉತ್ತರ ಬೇರೆಯಾಗುತ್ತಿತ್ತು.

ರಾತ್ರಿ ಊಟವಾದ ಮೇಲೆ ಭಾವನಿಗೆ "ಸ್ಟೇನ್‌ಲೆಸ್ ತಾ" ಎಂದು ಬರೆದೆ. ಆಚಾರಿಯ ಚೂರಿಯನ್ನು ಕಾರವಾರಕ್ಕೆ ಒಯ್ಯಲಿಲ್ಲ. ಅಜ್ಜಿ ಅದನ್ನು ಒರೆಸಿ, ಎಣ್ಣೆ ಹಚ್ಚಿ, ಅಜ್ಜನ ಚೂರಿ ಇದ್ದ ಬಟ್ಟೆಯಲ್ಲೇ ಸುತ್ತಿ ಅಟ್ಟಕ್ಕೆ ಏರಿಸಿದಳು.