ಅಜ್ಜಿಯನ್ನು ಮೂಲೆಗೆ ಕೂರಿಸಿದ್ದು

ಒಂದು ಬುಧವಾರ ರಾತ್ರಿ, ಆಟ ಅರ್ಧಕ್ಕೆ ಬಂದಿತ್ತು. ಒಬ್ಬ ಹುಡುಗ ಹೀಗೆ ಟೈಪ್ ಮಾಡಿದ: "ಅಕ್ಕ, ಎಲ್ಲಾ ಪುಟ್ಟಮ್ಮಜ್ಜಿನೇ ಕಂಡುಹಿಡೀತಾಳೆ ಅಂದ್ರೆ ನಾವ್ಯಾಕೆ ಬಂದಿದ್ದೀವಿ? ಟೀ ಕುಡಿಯೋಕಾ?"

ಪಕ್ಕದಲ್ಲಿ ಒಂದು ನಗುವ ಮುಖ ಹಾಕಿದ್ದ. ಆದರೂ ಚುಚ್ಚಿತು. ಅವನು ಹೇಳಿದ್ದು ನಿಜವಾಗಿತ್ತು.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ತುಮಕೂರಿನ ಕ್ಯಾತ್ಸಂದ್ರದಲ್ಲಿ ಮನೆಯಲ್ಲೇ ಕೂತು ಒಂದು ಸಣ್ಣ ಕಂಪನಿಗೆ ಆನ್‌ಲೈನ್ ಕಥೆಯಾಟ ನಡೆಸಿಕೊಡುತ್ತೇನೆ. ಡಿಸ್ಕಾರ್ಡ್ ಅನ್ನುವ ಚಾಟ್ ಆ್ಯಪ್‌ನಲ್ಲಿ ಐದಾರು ಜನ ಸೇರುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾತ್ರ. ಆ ಪಾತ್ರ ಏನು ಮಾಡುತ್ತೆ, ಏನು ಮಾತಾಡುತ್ತೆ ಅನ್ನುವುದನ್ನು ಅವರೇ ಬರೆಯುತ್ತಾರೆ. ಉಳಿದ ಊರೆಲ್ಲಾ ನಾನು. ಟೀ ಅಂಗಡಿಯವನು ನಾನೇ, ಪೊಲೀಸಪ್ಪ ನಾನೇ, ಬೊಗಳುವ ನಾಯಿಯೂ ನಾನೇ. ಇವರನ್ನೆಲ್ಲಾ ಒಟ್ಟಾಗಿ ಎನ್‌ಪಿಸಿ ಅನ್ನುತ್ತೇವೆ, ಆಟಗಾರರ ಕೈಯಲ್ಲಿಲ್ಲದ ಪಾತ್ರಗಳು. ನೆಂಟರು ಕೇಳಿದರೆ ಅಮ್ಮ "ಕಂಪ್ಯೂಟರ್‌ನಲ್ಲಿ ನಾಟಕ ಆಡಿಸ್ತಾಳೆ" ಅಂದುಬಿಡುತ್ತಾರೆ. ಹೆಚ್ಚೂಕಮ್ಮಿ ಸರಿಯಾಗೇ ಇದೆ.

ಆವತ್ತಿನ ಕಥೆ ಒಂದು ಕೊಬ್ಬರಿ ಕಳವಿನದು. ತಿಪಟೂರು ಕಡೆಯ ಒಂದು ಊರು, ನಾನೇ ಕಟ್ಟಿದ್ದು. ಆ ಕಡೆ ತೆಂಗಿನಕಾಯಿಯನ್ನು ತಿಂಗಳಾನುಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಡುತ್ತಾರೆ ಅಲ್ವಾ? ಒಳಗಿನ ನೀರೆಲ್ಲಾ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಗುಂಡಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನುತ್ತದೆ. ನನ್ನ ಕಳ್ಳ ಒಣಗಿದ ಕಾಯಿ ಎತ್ತಿಕೊಂಡು ಅದರ ಜಾಗಕ್ಕೆ ಹಸಿ ಕಾಯಿ ಇಟ್ಟಿದ್ದ. ಯಾರಾದರೂ ಒಂದು ಕಾಯಿ ಕೈಗೆತ್ತಿಕೊಂಡು ಅಲ್ಲಾಡಿಸಿದರೆ ಸಾಕು, ಕಥೆ ಬಿಚ್ಚಿಕೊಳ್ಳುತ್ತಿತ್ತು.

ಪಕ್ಕದ ಮನೆ ಪುಟ್ಟಮ್ಮಜ್ಜಿ ಬಂದಳು. ಕಾಯಿ ಎತ್ತಿಕೊಂಡಳು. ಅಲ್ಲಾಡಿಸಿದಳು. "ಇದು ಹೋದ ತಿಂಗಳು ಕಿತ್ತ ಕಾಯಿ ಕಣಪ್ಪಾ. ನೀರು ಇನ್ನೂ ಕುಲುಕ್ತೈತೆ. ಈ ಅಟ್ಟಕ್ಕೆ ಏಣಿ ತಂದ್ಕೊಡೋನು ಊರಲ್ಲಿ ಒಬ್ನೇ" ಅಂದಳು.

ಮೂರು ಸಾಲು. ಐದು ಜನ ಎರಡು ವಾರ ಹುಡುಕಬೇಕಿದ್ದದ್ದು ಅಲ್ಲಿಗೆ ಮುಗಿಯಿತು. ನನಗೆ ಆ ಅಜ್ಜಿಯ ಮಾತು ಬರೆಯುವುದು ಅಂದರೆ ಖುಷಿ. ಎಲೆಅಡಿಕೆ ಹಾಕಿಕೊಂಡು, ತುಂಬಿದ ಬಾಯಲ್ಲೇ ಬೈಯುವವಳು. ಟೈಪ್ ಮಾಡುತ್ತಾ ಮಾಡುತ್ತಾ ನಾನೇ ನಗುತ್ತಿದ್ದೆ. ಆಟಗಾರರು ನಗುತ್ತಿದ್ದಾರಾ ಅಂತ ನೋಡಿರಲಿಲ್ಲ.

ಅದಾದ ಮೇಲೆ ನನಗೆ ನೆನಪಾಗಿದ್ದು ಬಯಲಾಟದ ಸಾರಥಿ. ಚಿಕ್ಕವಳಿದ್ದಾಗ ಅಜ್ಜನ ಊರಲ್ಲಿ ಮೂಡಲಪಾಯ ನೋಡಿದ್ದೆ. ಕಿರೀಟ, ಭುಜಕೀರ್ತಿ ಎಲ್ಲಾ ಕಟ್ಟಿಕೊಂಡು ರಾಜ ರಂಗಕ್ಕೆ ಬರುತ್ತಾನೆ. ಸಾರಥಿ ಎದುರಿಗೆ ನಿಂತು ತಾವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣ ಏನು ಅಂತ ಕೇಳುತ್ತಾನೆ. ಸಾರಥಿಗೆ ಗೊತ್ತಿಲ್ವಾ? ರಾತ್ರಿಯೆಲ್ಲಾ ಅದೇ ರಂಗದ ಮೇಲೆ ಇರುವವನು ಅವನು. ಊರಿಗೆಲ್ಲಾ ಗೊತ್ತು. ಆದರೂ ಕೇಳುತ್ತಾನೆ. ರಾಜ ಮೀಸೆ ತಿರುವಿ ಹತ್ತು ನಿಮಿಷ ತನ್ನ ಪ್ರತಾಪ ಹೇಳಿಕೊಳ್ಳುತ್ತಾನೆ. ಸಾರಥಿ ಅಲ್ಲಿ ಇರುವುದೇ ಆ ಹತ್ತು ನಿಮಿಷ ರಾಜನಿಗೆ ಸಿಗಲಿ ಅಂತ.

ನನ್ನ ಪುಟ್ಟಮ್ಮಜ್ಜಿ ಸಾರಥಿ ಆಗಬೇಕಿತ್ತು. ರಾಜ ಆಗಿ ಕೂತಿದ್ದಳು.

ಈಗ ಪ್ರತಿ ಎನ್‌ಪಿಸಿಗೂ ಒಂದು ಚೀಟಿ ಬರೆದುಕೊಳ್ಳುತ್ತೇನೆ. ಅವನಿಗೆ ಏನು ಬೇಕು, ಏನಕ್ಕೆ ಹೆದರುತ್ತಾನೆ, ಹೇಗೆ ಮಾತಾಡುತ್ತಾನೆ, ಎದುರಿಗಿರುವವರನ್ನು ಏನು ಕೇಳುತ್ತಾನೆ. ಕೊನೆಯದು ಮೊದಲು ಇರಲಿಲ್ಲ. ಅದರ ಕೆಳಗೆ ಇನ್ನೊಂದು ಸಾಲು, ಅವನಿಗೆ ಗೊತ್ತಿಲ್ಲದ್ದು ಏನು ಅಂತ. ಇದನ್ನೂ ಪೆಟ್ಟು ತಿಂದೇ ಕಲಿತೆ. ಒಮ್ಮೆ ಮಂಡಿಯ ಗುಮಾಸ್ತ ಬಾವಿ ಹತ್ತಿರ ಆದ ಜಗಳದ ಬಗ್ಗೆ ಮಾತಾಡಿಬಿಟ್ಟ. ಆ ಹೊತ್ತಲ್ಲಿ ಅವನು ಬಾವಿ ಹತ್ತಿರ ಇರಲೇ ಇಲ್ಲ. ಗೊತ್ತಿದ್ದದ್ದು ನನಗೆ, ಬಾಯಿಬಿಟ್ಟದ್ದು ಅವನು. ಆಟಗಾರರು ಪಟ್ಟನೆ ಹಿಡಿದರು: "ನಿಂಗೆ ಹೇಗೆ ಗೊತ್ತು? ನೀನೇ ಕಳ್ಳ!" ಪಾಪದವನು, ಏನೂ ಮಾಡಿರಲಿಲ್ಲ. ಇನ್ನೇನು ಮಾಡುವುದು, ಅವನು ಮರೆಯಲ್ಲಿ ನಿಂತು ಕದ್ದು ಕೇಳಿದ್ದ ಅಂತ ಆಮೇಲೆ ಕಥೆ ತಿರುಗಿಸಿದೆ.

ಎರಡು ಎನ್‌ಪಿಸಿಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದು ಇನ್ನೊಂದು ಪೀಡೆ. ಟಪ್ಪರ್‌ಬಾಕ್ಸ್ ಅಂತ ಒಂದು ಬಾಟ್ ಇದೆ. ನಾನು ಬರೆದ ಮಾತನ್ನು ಆ ಪಾತ್ರದ ಹೆಸರು, ಚಿತ್ರದ ಜೊತೆಗೇ ತೋರಿಸುತ್ತದೆ. ಕೆಲಸಕ್ಕೆ ತುಂಬಾ ಅನುಕೂಲ. ಆದರೆ ಅದು ಕೈಗೆ ಸಿಕ್ಕಿದ ಮೇಲೆ ಗೌಡರಿಗೂ ಗುಮಾಸ್ತನಿಗೂ ನಾನೇ ಜಗಳ ಹಚ್ಚಿ, ಹದಿನೇಳು ಮೆಸೇಜ್ ಇಬ್ಬರ ಪರವಾಗಿ ನಾನೇ ಬರೆದೆ. ಆಮೇಲೆ ಮೇಲಕ್ಕೆ ಹೋಗಿ ಎಣಿಸಿದಾಗ ನಾಚಿಕೆ ಆಯಿತು. ನಡುವೆ ಆಟಗಾರರದು ಒಂದೇ ಒಂದು ಮಾತು, "ಹ್ಮ್". ಈಗ ಅಂಥ ಜಗಳಕ್ಕೆ ಒಂದೇ ಸಾಲು ಕೊಡುತ್ತೇನೆ: "ಗೌಡರಿಗೂ ಗುಮಾಸ್ತನಿಗೂ ಜೋರು ಮಾತು ನಡೀತಿದೆ. 'ಏಣಿ' ಅನ್ನೋದು ಎರಡು ಸಲ ಕಿವಿಗೆ ಬಿತ್ತು." ಏಣಿ ಹಿಡಿದುಕೊಂಡು ಹೋಗುವವರು ಹೋಗಲಿ.

ಪಾತ್ರದ ಮೇಲೆ ಮೋಹ ಜಾಸ್ತಿ ಆದಾಗ ನಾನು ದಾಳ ಹಿಡಿಯುತ್ತೇನೆ. ಇದು ಹಳೇ ಉಪಾಯ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರಾಗನ್ಸ್' ಅನ್ನುವ ಕಥೆಯಾಟ ಹೊರತಂದಾಗಲೇ, ಎದುರಾದ ಪ್ರಾಣಿ ಹೇಗೆ ವರ್ತಿಸುತ್ತೆ ಅನ್ನುವುದಕ್ಕೆ ಎರಡು ದಾಳ ಎಸೆಯುವ ಲೆಕ್ಕ ಇತ್ತು. 2ರಿಂದ 5 ಬಿದ್ದರೆ ಮುನಿಸು, 9ರಿಂದ 12 ಬಿದ್ದರೆ ಒಲವು, ನಡುವಿನ 6, 7, 8 ಬಿದ್ದರೆ ಏನೂ ತೀರ್ಮಾನ ಆಗಿಲ್ಲ ಅಂತ. ಎರಡು ದಾಳಕ್ಕೆ ಬೀಳುವ 36 ಜೋಡಿಯಲ್ಲಿ 16 ಈ ನಡುವಿನವೇ. ಅಂದರೆ ಹೊಸಬರು ಹೋಗಿ ಮಾತಾಡಿಸಿದಾಗ ಎದುರಿನವನು ಸುಮ್ನೆ ಮುಖ ನೋಡುವುದೇ ಜಾಸ್ತಿ. ನಮ್ಮೂರಲ್ಲೂ ಹಾಗೇ ತಾನೇ? ಹೊಸ ಮುಖ ಕಂಡರೆ ಮೊದಲು "ಯಾವೂರಾಯ್ತು?" ಅನ್ನುತ್ತಾರೆ, ಆಮೇಲೆ ಮಿಕ್ಕಿದ್ದು. ನನಗೆ ಇಷ್ಟದ ಆಟಗಾರ ಬಂದ ಅಂತ ಟೀ ಅಂಗಡಿಯವನು ಎಲ್ಲಾ ಗುಟ್ಟು ಒಪ್ಪಿಸುವುದನ್ನು ಈ ದಾಳ ತಡೆದಿದೆ.

ಒಂದು ವಿಷಯದಲ್ಲಿ ಮಾತ್ರ ದಾಳ ಸಹಾಯಕ್ಕೆ ಬರಲ್ಲ. ಆಟಗಾರರು ತಮ್ಮ ಪಾತ್ರಕ್ಕೆ ಅಂತ ಅಪ್ಪ, ತಂಗಿ, ಗೆಳೆಯ ಅಂತ ಕಟ್ಟಿಕೊಂಡು ಬರುತ್ತಾರೆ. ಅವರೂ ಎನ್‌ಪಿಸಿಗಳೇ. ಆದರೆ ಪೂರ್ತಿ ನನ್ನವರಲ್ಲ. ಒಬ್ಬಳು ಆಟಗಾರ್ತಿಯ ಪಾತ್ರದ ತಂಗಿಯನ್ನು ನಾನು ಅವಳನ್ನು ಕೇಳದೇ, ಕಥೆಗೆ ಬಿಸಿ ಬರಲಿ ಅಂತ ಕಾಣೆ ಮಾಡಿಸಿದೆ. ಅವಳು ಎರಡು ವಾರ ಆಟಕ್ಕೇ ಬರಲಿಲ್ಲ. ಫೋನ್ ಮಾಡಿದರೆ ಒಂದೇ ಮಾತು ಹೇಳಿದಳು: "ಆ ತಂಗಿ ನನ್ನವಳು ಅಕ್ಕ. ಕೇಳಬೇಕಿತ್ತು." ಕ್ಷಮೆ ಕೇಳಿದೆ, ತಂಗಿ ಸೋದರತ್ತೆ ಮನೆಗೆ ಹೋಗಿದ್ದಳು ಅಂತ ಮಾಡಿ ವಾಪಸ್ ಕರೆತಂದೆ. ಆದರೂ ಆ ಬ್ಯಾಚಿನಲ್ಲಿ ಮೊದಲಿನ ಸಲಿಗೆ ಬರಲಿಲ್ಲ. ಈಗ ಮೊದಲ ದಿನವೇ ಕೇಳಿಬಿಡುತ್ತೇನೆ. ನಿಮ್ಮವರನ್ನು ನಾನು ಮಾತಾಡಿಸಬಹುದಾ, ತೊಂದರೆಗೆ ಸಿಕ್ಕಿಸಬಹುದಾ, ಸಾಯಿಸಬಹುದಾ? ಮೊದಲ ಎರಡಕ್ಕೆ ಬಹಳ ಜನ ಹೂಂ ಅನ್ನುತ್ತಾರೆ. ಮೂರನೆಯದಕ್ಕೆ ಸ್ವಲ್ಪ ಹೊತ್ತು ಉತ್ತರವೇ ಬರುವುದಿಲ್ಲ.

ಕೊಬ್ಬರಿ ಕಥೆಯನ್ನು ಹೋದ ತಿಂಗಳು ಬೇರೆ ಬ್ಯಾಚಿಗೆ ಮತ್ತೆ ಆಡಿಸಿದೆ. ಪುಟ್ಟಮ್ಮಜ್ಜಿ ಇದ್ದಳು, ಅವಳನ್ನು ಬಿಡಲು ನನಗೆ ಮನಸ್ಸಿಲ್ಲ. ಆದರೆ ಈ ಸಲ ಅವಳ ಕಿವಿ ಮಂದ ಮಾಡಿ, ಅಟ್ಟದ ಕೆಳಗೆ ಮೂಲೆಯಲ್ಲಿ ಕೂರಿಸಿದೆ. ಕಾಯಿ ಎತ್ತಿ ಒಬ್ಬ ಆಟಗಾರನ ಕೈಗೆ ಕೊಟ್ಟಳು. "ನಂಗೆ ಕಿವಿ ಕೇಳ್ಸಕಿಲ್ಲ ಮಗಾ. ನೀನೇ ಅಲ್ಲಾಡ್ಸಿ ನೋಡು, ಏನಂತೈತೆ?"

ನಾನು ಕೀಬೋರ್ಡಿಂದ ಕೈ ತೆಗೆದೆ. ತೆರೆಯ ಮೇಲೆ ಮೂವರು ಒಟ್ಟಿಗೇ ಟೈಪ್ ಮಾಡುತ್ತಿರುವುದು ಕಾಣುತ್ತಿತ್ತು.

"ಅಲ್ಲಾಡಿಸಿದೆ. ಒಳಗೆ ಏನಾದರೂ ಸದ್ದಾಗುತ್ತಾ?"

"ನೀರು ಕುಲುಕುತ್ತಿದೆ" ಅಂತ ಬರೆದೆ. ಅಷ್ಟೇ.

"ಒಣಗಿದ ಕಾಯಲ್ಲಿ ನೀರು ಎಲ್ಲಿಂದ ಬಂತು? ಯಾರೋ ಸೂಜಿ ಚುಚ್ಚಿ ವಿಷ ಹಾಕಿದ್ದಾರೆ! ಎಲ್ಲರೂ ದೂರ ಹೋಗಿ!"

ಮುಂದಿನ ಒಂದು ಗಂಟೆ ಅವರು ಊರೆಲ್ಲಾ ವಿಷ ಹುಡುಕಿದರು. ಡಾಕ್ಟರನ್ನು ಎಬ್ಬಿಸಿದರು. ನಾಯಿಗೆ ಕುಡಿಸಿ ನೋಡೋಣ ಅಂದರು, ನಾಯಿ ಓಡಿಹೋಯಿತು. ನನಗೆ ಬೆರಳು ತುರಿಸುತ್ತಿತ್ತು. ಅಜ್ಜಿ ಮೂಲೆಯಲ್ಲೇ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದಳು. ಹನ್ನೊಂದೂಕಾಲಿಗೆ ಆಟ ನಿಲ್ಲಿಸಿದಾಗ ಇನ್ನೂ ವಿಷದ ಸೀಸೆ ಸಿಕ್ಕಿರಲಿಲ್ಲ, ಒಬ್ಬ ಕೇಳಿದ, "ಅಕ್ಕ, ನಾಳೇನೂ ಆಡ್ಬಹುದಾ?"