ವೈರಮುಡಿಯ ದಾರಿಯಲ್ಲಿ

ಮೇಲುಕೋಟೆಯ ವೈರಮುಡಿ ಉತ್ಸವಕ್ಕೆಂದು ಹೊರಟ ನಾನು ಜಕ್ಕನಹಳ್ಳಿಯಲ್ಲಿ ಬಸ್ಸಿನಿಂದ ಇಳಿದದ್ದು ಅನಿವಾರ್ಯವಾಗಿ. ಮುಂದೆ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಇಳಿದು ನೋಡಿದರೆ, ರಸ್ತೆಬದಿಯ ಮನೆಗಳ ಮುಂದೆ ನೀರು ಚಿಮುಕಿಸಿ ರಂಗೋಲಿ ಬಿಟ್ಟಿದ್ದರು. ಹೆಂಗಸರು ಹಣ್ಣುಕಾಯಿಯ ತಟ್ಟೆ ಹಿಡಿದು ಬಿಸಿಲಿನಲ್ಲೇ ಕಾಯುತ್ತಿದ್ದರು. ಮಂಡ್ಯದ ಜಿಲ್ಲಾ ಖಜಾನೆಯಲ್ಲಿ ಇರಿಸುವ ವೈರಮುಡಿ ಮತ್ತು ರಾಜಮುಡಿ ಕಿರೀಟಗಳನ್ನು ಫಾಲ್ಗುಣ ಮಾಸದ ಈ ದಿನ ಹೊರತೆಗೆದು, ಪೂಜೆ ಸಲ್ಲಿಸಿ, ಪೊಲೀಸ್ ಕಾವಲಿನಲ್ಲಿ ಶ್ರೀರಂಗಪಟ್ಟಣ, ಪಾಂಡವಪುರಗಳ ಮಾರ್ಗವಾಗಿ ಬೆಟ್ಟಕ್ಕೆ ಒಯ್ಯುತ್ತಾರೆ. ದಾರಿಯ ಊರುಗಳಲ್ಲಿ ವಾಹನ ನಿಂತು, ಪೂಜೆ ಮಾಡಿಸಿಕೊಂಡೇ ಮುಂದೆ ಸಾಗುತ್ತದೆ.

ಅಸುರ ವಿರೋಚನನು ಕದ್ದೊಯ್ದ ನಾರಾಯಣನ ಈ ವೈರಮುಡಿ ಕಿರೀಟವನ್ನು ಗರುಡನು ಗೆದ್ದು ತಂದನೆಂಬುದು ಸ್ಥಳಪುರಾಣ. ಈಗ ಆ ಗರುಡನ ಕೆಲಸವನ್ನು ಸರ್ಕಾರಿ ವಾಹನ ಮಾಡುತ್ತಿದೆಯಲ್ಲ ಎಂದು ನಗು ಬಂದಿತ್ತು. ಆದರೆ ವಾಹನ ಬಂದು ನಿಂತಾಗ ಆ ನಗು ಉಳಿಯಲಿಲ್ಲ. ಕಂಡದ್ದು ಹೂವಿನಿಂದ ಮುಚ್ಚಿಹೋಗಿದ್ದ ಪೆಟ್ಟಿಗೆ ಮಾತ್ರ. ನಾನು ಕತ್ತು ನೀಳ ಮಾಡಿ ಇಣುಕುತ್ತಿದ್ದುದನ್ನು ಕಂಡು ಪಕ್ಕದ ಅಜ್ಜಿ, "ಕಿರೀಟ ಎಲ್ಲಿ ಕಾಣ್ತದೆ ಮಗಾ, ಪೆಟ್ಗೆಗೇ ಕೈ ಮುಗಿ" ಎಂದರು. ಕರ್ಪೂರ ಉರಿದು ಮುಗಿಯುವಷ್ಟರಲ್ಲಿ ವಾಹನ ಹೊರಟೇಬಿಟ್ಟಿತು. ಅಜ್ಜಿ ಮಾತ್ರ ತಟ್ಟೆ ಹಿಡಿದು ಅದು ತಿರುವಿನಲ್ಲಿ ಮರೆಯಾಗುವವರೆಗೂ ನಿಂತೇ ಇದ್ದರು.

ಬೆಟ್ಟ ತಲುಪಿದಾಗ ಸಂಜೆ. ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಜನ ಬುತ್ತಿ ಬಿಚ್ಚಿದ್ದರು. ಮೇಲೆ ಯೋಗಾನರಸಿಂಹನ ಗುಡಿಯಲ್ಲಿ ದೀಪಗಳು ಹತ್ತಿದ್ದವು. ವೈರಮುಡಿಗೆ ಹಗಲಿನ ಬೆಳಕು ತಾಗಬಾರದು, ದೇವರ ಮುಡಿಗೇರುವ ಮುನ್ನ ಬರಿಗಣ್ಣು ಸೋಕಬಾರದು ಎಂಬ ನಂಬಿಕೆಯಿಂದ ಅರ್ಚಕರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಅದನ್ನು ಉತ್ಸವಮೂರ್ತಿ ಚೆಲುವಪಿಳ್ಳೆರಾಯನಿಗೆ ತೊಡಿಸುತ್ತಾರೆ. ಸಾವಿರಾರು ಜನ ನೋಡಲೆಂದು ಬಂದಿರುವ ವಸ್ತುವನ್ನು ಮುಟ್ಟುವವರೇ ನೋಡುವಂತಿಲ್ಲ! ಆ ರಾತ್ರಿಯ ಗದ್ದಲದ ನಡುವೆಯೂ ಈ ಒಂದು ನಿಯಮವೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು.

ಶ್ರೀದೇವಿ, ಭೂದೇವಿಯರೊಡನೆ ಸ್ವಾಮಿ ಗರುಡವಾಹನವೇರಿ ಹೊರಬಂದಾಗ "ಗೋವಿಂದಾ" ಎಂಬ ಕೂಗಿನೊಡನೆ ಜನರ ಕೈಗಳು ಮೇಲೆದ್ದವು. ಪ್ರತಿ ಕೈಯಲ್ಲೂ ಒಂದೊಂದು ಫೋನು. ಹೀಗಾಗಿ ನನಗೆ ವೈರಮುಡಿ ಮೊದಲು ಕಂಡದ್ದು ಮುಂದಿದ್ದವರ ಫೋನಿನ ಪರದೆಯಲ್ಲಿ, ಹೆಬ್ಬೆರಳಿನಷ್ಟು ಗಾತ್ರದಲ್ಲಿ. ಹೊತ್ತವರು ಹೆಜ್ಜೆ ಬದಲಿಸಿ ವಾಹನ ಓಲಾಡಿದಾಗ ಬಿಳಿಯ ಬೆಳಕೊಂದು ಛಳಕ್ಕೆಂದು ಕಣ್ಣಿಗೆ ಹೊಡೆಯಿತು. ಮರುಕ್ಷಣವೇ ಯಾರದೋ ಹೆಗಲ ಮೇಲಿನ ಮಗು ಅಡ್ಡ ಬಂತು. ಬೀದಿಗಳನ್ನು ಸುತ್ತಿದ ಬಳಿಕ ವೈರಮುಡಿಯನ್ನು ತೆಗೆದು ರಾಜಮುಡಿಯನ್ನು ಧರಿಸುತ್ತಾರೆ. ಅದು 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೈಸೂರಿನ ರಾಜ ಒಡೆಯರ ಕಾಣಿಕೆ. ಅಷ್ಟು ಹೊತ್ತಿಗೆ ನಾನು ಜಗಲಿಯೊಂದರ ಮೇಲೆ ಕುಳಿತಲ್ಲೇ ತೂಕಡಿಸುತ್ತಿದ್ದೆ.

ಬೆಳಗಿನ ಜಾವ ಜಕ್ಕನಹಳ್ಳಿಗೆ ಇಳಿದು ಬಂದೆ. ರಂಗೋಲಿಗಳ ಮೇಲೆ ಟೈರಿನ ಗುರುತುಗಳು ಹಾದುಹೋಗಿದ್ದವು. ಅದೇ ಅಜ್ಜಿ ಮನೆ ಮುಂದೆ ಕುಳಿತು, ಕರ್ಪೂರದ ಕರಿ ಹಿಡಿದ ತಟ್ಟೆಯನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು. ನನ್ನನ್ನು ಗುರುತು ಹಿಡಿದು, "ಕಾಣ್ತಾ ಮಗಾ?" ಎಂದು ಕೇಳಿದರು. ಕಂಡಿತು ಎಂದೆ. ಬಹುಪಾಲು ಇನ್ನೊಬ್ಬರ ಫೋನಿನಲ್ಲಿ ಎಂದು ಹೇಳಲು ಸಂಕೋಚವಾಯಿತು.